ಗುರುವಿನ ಶೀಲವೂ ಶಿಷ್ಯನ ಪ್ರಶ್ನೆಯೂ

ಆಷಾಢದ ಮಳೆ ಹಿಡಿದ ಮೇಲೆ ಕಾರವಾರದಿಂದ ಅಂಕೋಲೆಯವರೆಗಿನ ಗದ್ದೆಬಯಲುಗಳಲ್ಲಿ ನಡೆಯುವವನು ಎಳೆಹುಲ್ಲನ್ನೂ ಸಣ್ಣ ಜೀವಿಗಳನ್ನೂ ತುಳಿಯದೆ ಒಂದು ಹೆಜ್ಜೆಯನ್ನೂ ಇಡಲಾರನು. ಯತಿಗಳು ಈ ಕಾಲದಲ್ಲಿ ಒಂದೆಡೆ ನಿಂತು ಚಾತುರ್ಮಾಸ್ಯವನ್ನು ಆಚರಿಸುವದು ಈ ಸೀಮೆಯ ಮನೆಮನೆಗೂ ತಿಳಿದ ಸಂಗತಿ. ಬೌದ್ಧ ಭಿಕ್ಷುಗಳಿಗೂ ಇಂಥದೇ ವರ್ಷಾವಾಸದ ನಿಯಮವುಂಟು. ಆದರೆ ಆ ನಿಯಮವು ಹುಟ್ಟಿದ ಬಗೆಯನ್ನು ಬಲ್ಲವರು ವಿರಳ. ಮೊದಲಲ್ಲಿ ಭಿಕ್ಷುಗಳು ಮಳೆಗಾಲದಲ್ಲಿಯೂ ಊರೂರು ತಿರುಗುತ್ತಿದ್ದರೆಂದೂ, ಹಕ್ಕಿಗಳು ಸಹ ಗೂಡು ಕಟ್ಟಿ ನಿಲ್ಲುವ ಕಾಲದಲ್ಲಿ ಈ ಶ್ರಮಣರು ಹಸುರನ್ನೂ ಜೀವಿಗಳನ್ನೂ ತುಳಿಯುತ್ತಿರುವರಲ್ಲಾ ಎಂದು ಗೃಹಸ್ಥರು ಆಕ್ಷೇಪಿಸಿದರೆಂದೂ, ಆ ಮಾತು ಬುದ್ಧನ ಕಿವಿಗೆ ಬಿದ್ದಾಗ ಆತನು ಆಕ್ಷೇಪಿಸಿದವರನ್ನು ಗದರಿಸದೆ ಭಿಕ್ಷುಗಳಿಗೇ ನಿಯಮವನ್ನು ವಿಧಿಸಿದನೆಂದೂ ವಿನಯಪಿಟಕವು ಹೇಳುವದು.

ಇದು ಒಂದು ನಿಯಮದ ಕಥೆಯಷ್ಟೇ ಅಲ್ಲ. ಪಾಲಿ ಸಂಪ್ರದಾಯದಲ್ಲಿ ಭಿಕ್ಷುವಿಗೆ 227 ಶಿಕ್ಷಾಪದಗಳು. ಟಿಬೇಟದವರು ಅನುಸರಿಸುವ ಮೂಲಸರ್ವಾಸ್ತಿವಾದ ವಿನಯದಲ್ಲಿ 253. ಇವುಗಳಲ್ಲಿ ಎಷ್ಟೋ ನಿಯಮಗಳ ಹಿಂದೆ, ಯಾರೋ ಭಿಕ್ಷು ತಪ್ಪಿ ನಡೆದದ್ದು, ಜನರು ಬೇಸತ್ತು ಗೊಣಗಿದ್ದು, ವಿಚಾರಣೆಯಾಗಿ ವಿಧಿಯು ಏರ್ಪಟ್ಟದ್ದು ಎಂಬ ಮೂರು ಮೆಟ್ಟಲುಗಳು ಕಾಣುವವು. ಅಂದ ಮೇಲೆ ಪ್ರಶ್ನೆಯು ವ್ರತಕ್ಕೆ ಹೊರಗಿನಿಂದ ಬಂದ ವಿಘ್ನವಲ್ಲ. ವ್ರತವು ಹುಟ್ಟಿದ್ದೇ ಪ್ರಶ್ನೆಯಿಂದ. ವರ್ಷಾವಾಸವು ಮುಗಿಯುವದೂ ಪ್ರಶ್ನೆಯಿಂದಲೇ. ಕಡೆಯ ದಿನದ ಪ್ರವಾರಣೆಯೆಂಬ ವಿಧಿಯಲ್ಲಿ ಪ್ರತಿಯೊಬ್ಬ ಭಿಕ್ಷುವೂ ಕೈಮುಗಿದು ಕುಳಿತು, ತನ್ನಲ್ಲಿ ಕಂಡ, ತನ್ನ ವಿಷಯದಲ್ಲಿ ಕೇಳಿದ ಇಲ್ಲವೆ ಶಂಕಿಸಿದ ದೋಷವೇನಾದರೂ ಇದ್ದರೆ ಕರುಣೆಯಿಟ್ಟು ಹೇಳಿರೆಂದು ಸಂಘವನ್ನು ಬೇಡಿಕೊಳ್ಳುವನು. ಸ್ಥವಿರನೇ ಮೊದಲು ಕೇಳಿಕೊಳ್ಳುವನು, ಕಿರಿಯನು ಕೊನೆಗೆ. ಹಿರಿತನವು ಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ರಹದಾರಿಯಲ್ಲ, ಅದಕ್ಕೆ ಮೊದಲು ಒಡ್ಡಿಕೊಳ್ಳುವ ಹೊಣೆಯೆಂಬದು ಇದರ ಭಾವ.

ಈ ವಿಚಾರವು ನಮ್ಮ ಜಿಲ್ಲೆಗೆ ದೂರದ್ದೆಂದು ತಿಳಿಯಬೇಕಾಗಿಲ್ಲ. 1966ರಲ್ಲಿ ಘಟ್ಟದ ಮೇಲಿನ ಮುಂಡಗೋಡದಲ್ಲಿ ಟಿಬೇಟದ ನಿರಾಶ್ರಿತರ ವಸತಿಯು ಆರಂಭವಾಯಿತು. ಲ್ಹಾಸಾ ನಗರದ ಸಮೀಪದಲ್ಲಿದ್ದ ಗಾಂದೆನ್ ಮತ್ತು ದ್ರೆಪುಂಗ್ ಎಂಬ ಮಹಾವಿಹಾರಗಳು ಅಲ್ಲಿಯೇ ಮರುಹುಟ್ಟು ಪಡೆದವು. ಕೆಂಗಾವಿಯ ಭಿಕ್ಷುಗಳು ಇಂದು ಉತ್ತರ ಕನ್ನಡದ ನೆರೆಹೊರೆಯವರು. ಆದುದರಿಂದ ಅವರ ಧರ್ಮದ ಗುರುಗಳ ಹೆಸರಿನಲ್ಲಿ ಹೊರದೇಶಗಳಲ್ಲಿ ಎದ್ದ ಪ್ರಶ್ನೆಯು ಈ ಊರುಗಳ ಸುಶಿಕ್ಷಿತರಿಗೆ ಬರಿಯ ವಾರ್ತೆಯಾಗಿ ಉಳಿಯಲಾರದು.

2017ರ ಜುಲೈ ತಿಂಗಳಲ್ಲಿ, ಪಾಶ್ಚಾತ್ಯರಲ್ಲಿ ಬಹು ಪ್ರಸಿದ್ಧಿ ಪಡೆದಿದ್ದ ಸೋಗ್ಯಾಲ್ ರಿಂಪೋಚೆ ಎಂಬ ಟಿಬೇಟದ ಗುರುವಿಗೆ ಆತನ ಎಂಟು ಮಂದಿ ಹಳೆಯ ಶಿಷ್ಯರು ಪತ್ರವನ್ನು ಬರೆದರು. ಶಿಷ್ಯರನ್ನು ಹೊಡೆದದ್ದು, ಸ್ತ್ರೀಯರನ್ನು ಕಾಮಕ್ಕೆ ಬಳಸಿಕೊಂಡದ್ದು, ಕಾಣಿಕೆಯ ಹಣದಲ್ಲಿ ವಿಲಾಸ ಜೀವನ ನಡೆಸಿದ್ದು, ಇವೇ ಅವರ ದೂರು. ಮುಂದಿನ ತಿಂಗಳು ಆತನು ತನ್ನ ಸಂಸ್ಥೆಯಾದ ರಿಗ್ಪಾದ ಮುಖ್ಯಸ್ಥಾನವನ್ನು ಬಿಟ್ಟನು. ಸಂಸ್ಥೆಯೇ ನೇಮಿಸಿದ ವಕೀಲರ ವಿಚಾರಣಾ ವರದಿಯು 2018ರ ಸಪ್ಟಂಬರದಲ್ಲಿ ಹೊರಬಂದು, ದೂರುಗಳಲ್ಲಿ ಬಹುಭಾಗವು ನಿಜವೆಂದು ನಂಬಲು ಆಧಾರವಿದೆಯೆಂದು ತಿಳಿಸಿತು. ಆತನು 2019ರಲ್ಲಿ ತೀರಿಕೊಂಡನು.

ಇಲ್ಲಿ ಎರಡು ಸಮಾಧಾನಗಳು ಹೇಳಲ್ಪಟ್ಟವು. ಆತನು ಭಿಕ್ಷುವಲ್ಲ, ಗೃಹಸ್ಥ ಲಾಮಾ. ಬ್ರಹ್ಮಚರ್ಯದ ವ್ರತವು ಅವನಿಗಿರಲಿಲ್ಲವೆಂಬದು ಒಂದು. ಇದು ನಿಜ, ಆದರೆ ಹಿಂಸೆ ಮಾಡಕೂಡದು, ಕಾಮದಲ್ಲಿ ಮಿಥ್ಯಾಚಾರ ಕೂಡದು ಎಂಬ ಪಂಚಶೀಲವು ಗೃಹಸ್ಥನಿಗೂ ಇದ್ದೇ ಇದೆ. ಕಾವಿಯಿಲ್ಲದವನಿಗೆ ಶೀಲವೂ ಬೇಕಿಲ್ಲವೆಂಬದು ಯಾವ ಶಾಸ್ತ್ರದ ಮಾತೂ ಅಲ್ಲ.

ಎರಡನೆಯದು ಇದಕ್ಕಿಂತ ಬಲವಾದದ್ದು. ವಜ್ರಯಾನದಲ್ಲಿ ಶಿಷ್ಯನು ಗುರುವನ್ನು ಬುದ್ಧನೆಂದೇ ಭಾವಿಸತಕ್ಕದ್ದು. ದೋಷವನ್ನು ನೋಡಿದರೆ ಶಿಷ್ಯನ ಸಮಯವ್ರತವೇ ಭಂಗವಾಗುವದು. ಆದುದರಿಂದ ಬಾಯಿ ಬಿಡಕೂಡದು ಎಂಬುದಾಗಿ. ಪೆಟ್ಟು ತಿಂದವನಿಗೇ ಪಾಪಭಯವನ್ನು ಹುಟ್ಟಿಸುವ ಈ ವಾದವು ಎಷ್ಟೋ ಬಾಯಿಗಳನ್ನು ವರ್ಷಗಟ್ಟಲೆ ಮುಚ್ಚಿಸಿತು. ಆದರೆ ಇದಕ್ಕೆ ಉತ್ತರವು ಆ ಸಂಪ್ರದಾಯದ ಗ್ರಂಥಗಳಲ್ಲಿಯೇ ಉಂಟು. ಅಶ್ವಘೋಷನ ಹೆಸರಿನಲ್ಲಿರುವ 'ಗುರುಪಂಚಾಶಿಕಾ' ಎಂಬ ಸಂಸ್ಕೃತ ಕೃತಿಯು, ಸಂಬಂಧ ಕೂಡುವ ಮೊದಲೇ ಗುರುಶಿಷ್ಯರು ಪರಸ್ಪರ ಪರೀಕ್ಷಿಸಬೇಕೆಂದೂ, ಗುರುವಿನ ಆಜ್ಞೆಯು ಯುಕ್ತಿಗೆ ಒಪ್ಪದಿದ್ದರೆ ಶಿಷ್ಯನು ಅದನ್ನು ವಿನಯದಿಂದ ತಿಳಿಸಿ ಹಿಂದೆಗೆಯಬಹುದೆಂದೂ ಹೇಳುವದು. 1409ರಲ್ಲಿ ಗಾಂದೆನ್ ವಿಹಾರವನ್ನು ಸ್ಥಾಪಿಸಿದ ತ್ಸೊಂಗ್‌ಖಾಪನೂ ತನ್ನ ಮಹಾಗ್ರಂಥದಲ್ಲಿ, ಧರ್ಮಕ್ಕೆ ವಿರುದ್ಧವಾದುದನ್ನು ಗುರುವು ವಿಧಿಸಿದರೆ ಮಾಡಬೇಡವೆಂದೇ ನಿರ್ಣಯಿಸಿರುವನು. ಆ ವಿಹಾರವು ಈಗ ಮುಂಡಗೋಡದಲ್ಲಿದೆ. ಉತ್ತರವು ನಮ್ಮ ಜಿಲ್ಲೆಯಲ್ಲಿಯೇ ಇದೆಯೆಂದರೆ ಅತಿಶಯೋಕ್ತಿಯಲ್ಲ. ಇನ್ನೂ ಹಿಂದೆ ಹೋದರೆ ಮಜ್ಝಿಮ ನಿಕಾಯದ ವೀಮಂಸಕ ಸುತ್ತದಲ್ಲಿ ಬುದ್ಧನು, ಕಣ್ಣಿಗೆ ಕಂಡದ್ದರಿಂದಲೂ ಕಿವಿಗೆ ಕೇಳಿದ್ದರಿಂದಲೂ ತನ್ನನ್ನೇ ಪರೀಕ್ಷಿಸಿರೆಂದು ಶಿಷ್ಯರಿಗೆ ಹೇಳಿದ್ದುಂಟು. 1993ರಲ್ಲಿ ಧರ್ಮಶಾಲೆಯಲ್ಲಿ ಪಾಶ್ಚಾತ್ಯ ಬೌದ್ಧ ಬೋಧಕರು ಕೂಡಿದಾಗ ದಲೈ ಲಾಮಾ ಅವರೂ, ಗುರುವು ತಿದ್ದಿಕೊಳ್ಳದಿದ್ದರೆ ಆತನ ದುರಾಚಾರವನ್ನು ಬಹಿರಂಗಪಡಿಸಬೇಕೆಂದು ಹೇಳಿದರು. ತೈತ್ತಿರೀಯದ ಶಿಕ್ಷಾವಲ್ಲಿಯನ್ನು ಓದಿದವರಿಗೆ ಇದು ಹೊಸತೆನಿಸದು. ತನ್ನ ಸುಚರಿತಗಳನ್ನು ಮಾತ್ರ ಅನುಸರಿಸು, ಮಿಕ್ಕುದನ್ನು ಬಿಡು ಎಂದು ಅಲ್ಲಿಯ ಆಚಾರ್ಯನು ಹೊರಟುನಿಂತ ಶಿಷ್ಯನಿಗೆ ಬುದ್ಧಿ ಹೇಳುವನು.

ವ್ರತವನ್ನು ನಡೆಸಲಾರದವನಿಗೆ ಗತಿಯಿಲ್ಲವೆ? ಉಂಟು. ವಿನಯದಲ್ಲಿ ಶಿಕ್ಷಾಪ್ರತ್ಯಾಖ್ಯಾನವೆಂಬ ವಿಧಿಯಿದೆ. ತಿಳಿಯುವವನೊಬ್ಬನ ಮುಂದೆ ತಾನು ಶಿಕ್ಷೆಯನ್ನು ಬಿಟ್ಟೆನೆಂದು ಸ್ಪಷ್ಟವಾಗಿ ನುಡಿದು ಭಿಕ್ಷುವು ಗೃಹಸ್ಥನಾಗಬಹುದು. ಅದರಲ್ಲಿ ಅಪರಾಧವಿಲ್ಲ. ಕಾರವಾರಕ್ಕೆ ನೆರೆಯದಾದ ಗೋವೆಯ ಸಾಂಖವಾಳದಲ್ಲಿ 1876ರಲ್ಲಿ ಹುಟ್ಟಿದ ಧರ್ಮಾನಂದ ಕೋಸಂಬಿಯವರು ಸಿಂಹಳಕ್ಕೆ ಹೋಗಿ 1902ರಲ್ಲಿ ದೀಕ್ಷೆ ಪಡೆದರು. ಮುಂದೆ ಚೀವರವನ್ನು ಬಿಟ್ಟು, ಸಂಸಾರದಲ್ಲಿದ್ದುಕೊಂಡೇ ಪಾಲಿ ವಿದ್ಯೆಯನ್ನು ಬೋಧಿಸಿದರು. 1947ರಲ್ಲಿ ಸೇವಾಗ್ರಾಮದಲ್ಲಿ ದೇಹವಿಡುವವರೆಗೂ ಬುದ್ಧನಲ್ಲಿ ಅವರಿಗಿದ್ದ ಶ್ರದ್ಧೆಯು ಕುಂದಲಿಲ್ಲ. ಬಟ್ಟೆಯನ್ನು ಬಿಟ್ಟು ಶೀಲವನ್ನು ಉಳಿಸಿಕೊಳ್ಳುವದು ಒಂದು ದಾರಿ. ಶೀಲವನ್ನು ಬಿಟ್ಟು ಬಟ್ಟೆಯನ್ನು ಉಳಿಸಿಕೊಳ್ಳುವದು ಇನ್ನೊಂದು. ಲೋಕವು ಮೊದಲನೆಯವನನ್ನು ಪತಿತನೆಂದು ಹಳಿದು ಎರಡನೆಯವನ ಪಾದಕ್ಕೆ ಎರಗುವದೇ ಅನರ್ಥಕ್ಕೆ ಮೂಲ.

ಇಂಥ ಅನರ್ಥದ ಭಾರವು ಯಾರ ತಲೆಯ ಮೇಲೆ ಬೀಳುವದೆಂಬದನ್ನು ಕಾರವಾರದಲ್ಲಿ ಹುಟ್ಟಿದ ಒಂದು ನಾಟಕವು ತೋರಿಸುವದು. ಅಣ್ಣನಾದ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಅವರಲ್ಲಿಗೆ ಬಂದಿದ್ದ ತರುಣ ರವೀಂದ್ರನಾಥ ಠಾಕೂರರು 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ರಚಿಸಿದರು. 1884ರಲ್ಲಿ ಅದು ಪ್ರಕಟವಾಯಿತು. ಅದರಲ್ಲಿ ಸಕಲವನ್ನೂ ಗೆದ್ದೆನೆಂದು ಬೀಗುವ ಸನ್ಯಾಸಿಯನ್ನು ಜನರು ದೂರವಿಟ್ಟ ಅನಾಥ ಬಾಲೆಯೊಬ್ಬಳು ನಂಬಿ ಬರುವಳು. ತನ್ನ ವೈರಾಗ್ಯವು ಕೆಡುವದೆಂದು ಹೆದರಿ ಅವನು ಅವಳನ್ನು ತೊರೆದು ಹೋಗುವನು. ಕೊನೆಗೆ ವ್ರತವನ್ನೆಸೆದು ಮರಳಿದಾಗ ಆ ಬಾಲೆಯು ಉಳಿದಿಲ್ಲ. ಗುರುವಿನ ಸೋಲು ಗೆಲವುಗಳ ಚರ್ಚೆಯು ಸಾವಿರವಿರಲಿ. ನಂಬಿ ಬಂದ ಜೀವವು ಏನಾಯಿತೆಂಬದೇ ಮೊದಲ ಪ್ರಶ್ನೆ.

ಪ್ರಶ್ನೆಗೂ ಒಂದು ಶೀಲವುಂಟು. ಏಳನೆಯ ಶತಮಾನದಲ್ಲಿ ಪಲ್ಲವ ಮಹೇಂದ್ರವರ್ಮನು 'ಮತ್ತವಿಲಾಸ' ಪ್ರಹಸನದಲ್ಲಿ ಭಿಕ್ಷುವನ್ನೂ ಕಾಪಾಲಿಕನನ್ನೂ ನಗೆಗೀಡು ಮಾಡಿದನು. ನಗೆಯು ಬೇಗನೆ ಆರುವದು. ಅದರಿಂದ ನೊಂದವರಿಗೆ ನ್ಯಾಯ ದೊರಕದು. ಆಧಾರವಿಲ್ಲದೆ ಘೋರ ಅಪವಾದವನ್ನು ಹೊರಿಸುವದೂ ಸಂಘಾದಿಶೇಷವೆಂಬ ಗುರುತರ ಅಪರಾಧವೆಂದು ವಿನಯವೇ ಸಾರುವದು. ಎದುರಿಗೆ, ಸಕಾಲದಲ್ಲಿ, ನಿಜವಾದುದನ್ನು, ಹಿತಬುದ್ಧಿಯಿಂದ ಹೇಳತಕ್ಕದ್ದು. 1930ರ ಏಪ್ರಿಲಿನಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ಅಂಕೋಲೆಯ ಜನರು ಹಗಲುಬೆಳಕಿನಲ್ಲಿ ಎಲ್ಲರ ಕಣ್ಣೆದುರಿಗೆ ವ್ರತ ಹಿಡಿದರು, ಅದರ ಫಲವನ್ನೂ ಎಲ್ಲರ ಕಣ್ಣೆದುರಿಗೆ ಉಂಡರು. ಆ ನೆಲದವರಿಗೆ ನಿಜವಾದ ವ್ರತವು ಬೆಳಕಿಗೆ ಅಂಜುವದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಕೌಶಾಂಬಿಯಲ್ಲಿ ಭಿಕ್ಷುಗಳು ಅಲ್ಪ ಕಾರಣಕ್ಕೆ ಎರಡು ಪಂಗಡವಾಗಿ ಕಾದಾಡಿ ಬುದ್ಧನ ಮಾತನ್ನೂ ಮೀರಿದಾಗ, ಆತನು ಊರನ್ನೇ ಬಿಟ್ಟು ಹೋದನು. ಆಗ ಆ ಊರಿನ ಉಪಾಸಕರು ಬಯ್ಯಲಿಲ್ಲ, ಹೊಡೆಯಲಿಲ್ಲ. ನಮಸ್ಕಾರವನ್ನೂ ಭಿಕ್ಷೆಯನ್ನೂ ನಿಲ್ಲಿಸಿದರು. ಭಿಕ್ಷುಗಳು ಶ್ರಾವಸ್ತಿಗೆ ಹೋಗಿ ಒಂದಾದರು. ಗೃಹಸ್ಥನ ಕೈಯಲ್ಲಿರುವ ಅಧಿಕಾರವು ಇಷ್ಟೇ. ಆದರೆ ಇದು ಸಣ್ಣದಲ್ಲ. ಕಾರವಾರ ಅಂಕೋಲೆಗಳ ಮನೆಗಳಲ್ಲಿ, ಯಾವ ಮತದ ಗುರುವಾದರೂ ಸರಿಯೆ, ಹುಡುಗನೋ ಹುಡುಗಿಯೋ ಬಂದು ತಗ್ಗಿದ ದನಿಯಲ್ಲಿ ಒಂದು ಮಾತನ್ನು ಹೇಳಿದರೆ, ಹಿರಿಯರು ಗುರುನಿಂದೆಯೆಂದು ಬಾಯಿ ಮುಚ್ಚಿಸದೆ ಮೊದಲು ಪೂರಾ ಕೇಳಬೇಕು. ಕೇಳಿದ ಮೇಲೆ ವಿಚಾರಿಸಬೇಕು. ವಿಚಾರವು ತೀರುವವರೆಗೆ ಆ ಮಗುವನ್ನು ತಿರುಗಿ ಅಲ್ಲಿಗೆ ಕಳುಹಿಸಬಾರದು.