ಅಂತರದ ವಿದ್ಯೆ
1993ರ ನವೆಂಬರಿನಲ್ಲಿ ಡೆನ್ವರ್ ನಗರದಲ್ಲಿ, ನಾನಾ ಸಮರಕಲೆಗಳ ಪಟುಗಳು ಸೆಣಸುವ ಯುಎಫ್‌ಸಿ ಪಂದ್ಯಾವಳಿಯಲ್ಲಿ, ಕೃಶಕಾಯನಾದ ಬ್ರೆಜಿಲಿನ ಜುಜಿಟ್ಸು ಪಟು ರಾಯ್ಸ್ ಗ್ರೇಸಿಯು ತನಗಿಂತ ಬಲಿಷ್ಠರಾಗಿ ತೋರುತ್ತಿದ್ದ ಮೂವರನ್ನು ಒಂದೇ ರಾತ್ರಿಯಲ್ಲಿ ನೆಲಕ್ಕೆ ಕೆಡವಿ ಶರಣಾಗಿಸಿದಂದಿನಿಂದ, ಕರಾಟೆಯು ಕೇವಲ ಪ್ರದರ್ಶನಯೋಗ್ಯವೆಂಬ ತಾತ್ಸಾರವು ಬಹುಕಾಲ ರೂಢವಾಗಿದ್ದಿತು. ತಂದೆಯಿಂದಲೇ ಶೋಟೋಕಾನ್ ಕರಾಟೆಯ ದೀಕ್ಷೆ ಪಡೆದ ಲಿಯೋಟೊ ಮಚಿಡಾ 2009ರಲ್ಲಿ ಯುಎಫ್‌ಸಿಯ ಲೈಟ್ ಹೆವಿವೇಟ್ ಪಟ್ಟವನ್ನೇರಿದಾಗ ಅದಕ್ಕೆ ತಕ್ಕ ಉತ್ತರ ದೊರಕಿತೆನ್ನಬೇಕು. ಆತನು ನೆಲದ ಮೇಲಿನ ಪಟ್ಟುಗಳಲ್ಲಿಯೂ ಪಾರಂಗತನಾಗಿದ್ದನೆಂಬುದನ್ನು ಮಾತ್ರ ಕರಾಟೆಯ ಅಭಿಮಾನಿಗಳಾದ ನಾವು ಜಾಣತನದಿಂದ ಮರೆಯುತ್ತೇವೆ. ಅಂತರವನ್ನು ಕಾಯ್ದುಕೊಂಡು ಕ್ಷಣಮಾತ್ರದಲ್ಲಿ ಒಳನುಗ್ಗುವ ವಿದ್ಯೆಯೂ, ಅಂತರವನ್ನೇ ಅಳಿಸಿ ಎದುರಾಳಿಯನ್ನು ಹೆಣೆದುಕೊಳ್ಳುವ ವಿದ್ಯೆಯೂ ಒಂದೇ ದೇಹದಲ್ಲಿ ನೆಲಸುವುದು ಸುಲಭವಲ್ಲ. ಕರಾಟೆಯ ವಿಶಾಲವಾದ ನಿಲುವಿನಲ್ಲಿ ಮುಂಗಾಲು ಎಷ್ಟು ಅನಾಯಾಸವಾಗಿ ಹಿಡಿತಕ್ಕೆ ಸಿಕ್ಕುವುದೆಂಬುದು ಅಭ್ಯಾಸಿಗಳಿಗೆ ಅನುಭವವೇದ್ಯ. ಆದರೂ 2011ರಲ್ಲಿ ಮಲ್ಲಪಟು ರ್‍ಯಾಂಡಿ ಕೂಟುರನನ್ನು ಉರುಳಿಸಿದ ಮಚಿಡಾನ ಆ ನೆಗೆತದ ಒದೆತವನ್ನು ಎಷ್ಟು ಸಲ ನೋಡಿದರೂ ನನಗೆ ತೃಪ್ತಿಯಿಲ್ಲ.