ಪ್ರಾಜೆಕ್ಟ್ ಜೀಪು, ಇದ್ದದ್ದು ಇದ್ದ ಹಾಗೆ

ಹಳೇ ಜೀಪು ಮಾರೋದು ಬೇರೆ, ಹಳೇ ಜೀಪನ್ನ ‘ಪ್ರಾಜೆಕ್ಟ್’ ಅಂತ ಮಾರೋದು ಬೇರೆ. ಮೊದಲನೇದರಲ್ಲಿ ಗಾಡಿ ಓಡ್ತದೆ ಅಂತ ಹೇಳಿ ಮಾರಬೇಕು. ಎರಡನೇದರಲ್ಲಿ ಓಡಲ್ಲ ಅಂತ ಹೇಳಿಯೇ ಮಾರಬೇಕು, ಆದರೂ ತಗೊಳ್ಳುವವನ ಕಣ್ಣೊಳಗೆ ಅದು ಓಡ್ತಾ ಇರಬೇಕು. ಬೆಂಗಳೂರಲ್ಲಿ ಹದಿನೈದು ವರ್ಷದಿಂದ ಪ್ರಾಜೆಕ್ಟು ಪ್ರಾಜೆಕ್ಟು ಅಂತಲೇ ಅನ್ನ ತಿಂತಿರೋ ನನಗೆ ಆ ಶಬ್ದಕ್ಕೆ ಇಂಥದ್ದೊಂದು ಅರ್ಥ ಇದೆ ಅಂತ ಗೊತ್ತಾಗಿದ್ದು ಈ ಸಲದ ದೀಪಾವಳಿ ಹೊತ್ತಿಗೆ, ಕೊಟ್ಟಿಗೆಯಲ್ಲಿ ನಿಂತಿದ್ದ ಅಪ್ಪಯ್ಯನ ಜೀಪಿಗೆ ಗಿರಾಕಿ ಹುಡುಕೋಕೆ ಹೊರಟಾಗ.

ಗಾಡಿ ಯಾವುದು ಅಂತ ಮೊದಲೇ ಹೇಳಿಬಿಡ್ತೀನಿ, ಇಲ್ಲದಿದ್ರೆ ಜೀಪಿನ ಹುಚ್ಚಿರುವವರು ಮುಂದಕ್ಕೆ ಓದೋದಿಲ್ಲ. ಮಹೀಂದ್ರ ಎಂಎಂ 540, 1986ರದ್ದು, ಪ್ಯೂಜೊ ಡೀಸೆಲ್ ಎಂಜಿನ್, ಫೋರ್ ವೀಲ್ ಡ್ರೈವ್. ನಂಬರು ಕೆಎ ಅಂತ ಶುರುವಾಗೋದಲ್ಲ, ಅದಕ್ಕೂ ಹಿಂದಿನ ಮೂರಕ್ಷರದ್ದು. ಮಹೀಂದ್ರದವರು 1947ರಲ್ಲಿ ಅಮೆರಿಕದ ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸೋಕೆ ಶುರು ಮಾಡಿದ ಮೇಲೆ ಎಷ್ಟೋ ಮಾಡೆಲ್ ಬಂದವು, ಹೋದವು. ನಮ್ಮ ತೀರ್ಥಹಳ್ಳಿ ಕಡೆ ಮಾತ್ರ ಎಲ್ಲದಕ್ಕೂ ಒಂದೇ ಹೆಸರು. ಅಪ್ಪಯ್ಯ ಇದನ್ನ 1994ರಲ್ಲಿ ಒಂದು ಕಾಫಿ ಎಸ್ಟೇಟಿನವರ ಹತ್ರ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು.

ನಮ್ಮನೆಗೂ ಡಾಂಬರು ರಸ್ತೆಗೂ ನಡುವೆ ಎರಡು ಹಳ್ಳ. ಈಗ ಮೋರಿ ಆಗಿದೆ, ಆಗ ಇರಲಿಲ್ಲ. ಆಗುಂಬೆ ಪಕ್ಕದ ಮಳೆ ಅಂದ್ರೆ ಬಿಡಿಸಿ ಹೇಳೋದು ಬೇಡ. ಜೂನಿಂದ ಸೆಪ್ಟೆಂಬರ್ ತನಕ ಆ ಹಳ್ಳ ದಾಟೋ ಗಾಡಿ ಊರಿಗೆಲ್ಲ ಅದೊಂದೇ. ಗೇರ್ ಲಿವರಿನ ಪಕ್ಕದ ಪುಟ್ಟ ಲಿವರ್ ಎಳೆದರೆ ಮುಂದಿನ ಚಕ್ರಕ್ಕೂ ಶಕ್ತಿ ಹೋಗ್ತದೆ. ಲೋ ಗೇರಿಗೆ ಹಾಕಿದರೆ ಚಕ್ರ ನಿಧಾನ, ಎಳೆತ ಜಾಸ್ತಿ. ಅಡಿಕೆ ಮೂಟೆ, ಗೊಬ್ಬರ, ಮದುವೆ ದಿಬ್ಬಣ, ಹೆರಿಗೆ ನೋವು ಬಂದವರು, ಒಂದೆರಡು ಸಲ ಹೆಣ, ಎಲ್ಲ ಅದರಲ್ಲೇ ಹೋಗಿದ್ದು. ಆಸ್ಪತ್ರೆಗೆ ಹೋದದ್ದಕ್ಕೆ ಅಪ್ಪಯ್ಯ ಡೀಸೆಲ್ ದುಡ್ಡು ತಗೊಳ್ತಿರಲಿಲ್ಲ, ದಿಬ್ಬಣಕ್ಕೆ ಬಿಡ್ತಿರಲಿಲ್ಲ.

2022ರಲ್ಲಿ ಅಪ್ಪಯ್ಯ ಹೋದ. ಜೀಪು ನಿಂತಿತು. ಈ ವರ್ಷ ಅಮ್ಮ ಅಡಿಕೆ ಸುಲಿಯೋ ಮಷಿನ್ ತರಿಸಿದಳು, ಅದಕ್ಕೆ ಜಾಗ ಬೇಕು. “ಆ ಜೀಪಿಗೊಂದು ಗತಿ ಕಾಣಿಸು ಮಾರಾಯ, ಕೋಳಿ ಮೊಟ್ಟೆ ಇಡೋಕೆ ಶುರು ಮಾಡಿದಾವೆ ಅದರೊಳಗೆ” ಅಂತ ಫೋನು. ಮೈಸೂರಿನ ಅಕ್ಕನದ್ದು ಬೇರೆ ರಾಗ: “ನೀನೇ ರಿಪೇರಿ ಮಾಡ್ಸಿ ಇಟ್ಕೋಬಾರ್ದೇನೋ? ಅಷ್ಟು ಸಂಬಳ ಬರತ್ತೆ.” ಸಂಬಳದ ಮಾತು ಬಿಡಿ, ನನ್ನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಇರೋದು ಒಂದೇ ಕಾರಿನ ಜಾಗ. ಅಲ್ಲಿ ಈ ಜೀಪು ನಿಂತರೆ ಎಣ್ಣೆ ಸೋರ್ತದೆ ಅಂತ ಅಸೋಸಿಯೇಶನ್ನಿನವರು ವಾರಕ್ಕೊಂದು ಮೇಲ್ ಕಳಿಸ್ತಾರೆ. ಅಕ್ಕನಿಗೆ ಅದು ಉಳೀಬೇಕು, ಅಮ್ಮನಿಗೆ ಅದು ಹೋಗಬೇಕು. ಎರಡೂ ಆಗೋ ದಾರಿ ಅಂದ್ರೆ ಸರಿ ಮಾಡೋ ಕೈಗೆ ಅದನ್ನ ಮಾರೋದು.

ಜಾಹೀರಾತು ಬರೆಯೋಕೆ ಕೂತೆ. ಮಾವನ ಮಗ “ಗುಡ್ ಕಂಡೀಶನ್, ಸಣ್ಣಪುಟ್ಟ ಕೆಲಸ ಇದೆ ಅಂತ ಹಾಕು” ಅಂದ. ಸಣ್ಣಪುಟ್ಟ! ಹಿಂದಿನ ತಗಡಿನ ತೂತಲ್ಲಿ ನಮ್ಮನೆ ಬೆಕ್ಕು ದಾಟ್ತದೆ.

ತುಕ್ಕಲ್ಲಿ ಎರಡು ಜಾತಿ. ಒಂದು ಮೇಲ್ಮೇಲಿನದ್ದು, ಉಜ್ಜಿದರೆ ಕೆಳಗೆ ಕಬ್ಬಿಣ ಸಿಕ್ತದೆ. ಇನ್ನೊಂದು ತಿಂದು ಮುಗಿಸಿದ್ದು, ಸ್ಕ್ರೂ ಡ್ರೈವರ್ ಒತ್ತಿದರೆ ಹಪ್ಪಳದ ಹಾಗೆ ಒಳಗೆ ಹೋಗ್ತದೆ. ಸುತ್ತಿಗೆಯಲ್ಲಿ ಕುಟ್ಟಿದರೆ ಗೊತ್ತಾಗ್ತದೆ, ಗಟ್ಟಿ ಕಬ್ಬಿಣ ಠಣ್ ಅಂತದೆ, ಸತ್ತದ್ದು ಬೊದ್ ಅಂತದೆ. ನಮ್ಮ ಜೀಪಿನ ಚಾಸಿಸ್ ಬಹುಪಾಲು ಠಣ್ ಅಂತಿತ್ತು. ಮುಂದಿನ ಬಾನೆಟ್ಟು, ಗ್ರಿಲ್ಲು ಸಹ ಪರವಾಗಿಲ್ಲ. ಹಿಂದೆ ಸಾಮಾನು ಹೇರೋ ಜಾಗ ಮಾತ್ರ ಪೂರ್ತಿ ಬೊದ್. ಮಳೆ ಇಡೀ ಗಾಡಿ ಮೇಲೆ ಬೀಳ್ತದೆ, ಹಿಂದೆ ಮಾತ್ರ ಯಾಕೆ ಹೀಗೆ?

ಉತ್ತರ ಮೈಲುತುತ್ತ. ಅಡಿಕೆಯ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಗೊತ್ತಲ್ಲ, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಸೂರು ಸಂಸ್ಥಾನದ ಕಾಲದಲ್ಲಿ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ನಮ್ಮ ತೋಟಗಳಲ್ಲಿ ರೂಢಿಗೆ ತಂದದ್ದು. ಮೈಲುತುತ್ತದ ನೀರನ್ನ ಕಬ್ಬಿಣದ ಪಾತ್ರೆಯಲ್ಲಿ ಹಾಕಬಾರದು ಅಂತ ಪ್ರತಿ ಅಡಿಕೆ ತೋಟದ ಮನೆ ಮಕ್ಕಳಿಗೂ ಗೊತ್ತು. ಅದರೊಳಗಿನ ತಾಮ್ರ ಹೊರಗೆ ಬಂದು ಕೂರ್ತದೆ, ಆ ಜಾಗಕ್ಕೆ ಕಬ್ಬಿಣ ಕರಗಿ ಹೋಗ್ತದೆ. ಸುಣ್ಣ ಸಾಕಾಗಿದೆಯಾ ಅಂತ ಅಪ್ಪಯ್ಯ ದ್ರಾವಣದೊಳಗೆ ಕತ್ತಿಯ ಅಲಗು ಅದ್ದಿ ನೋಡ್ತಿದ್ದ, ಕೆಂಪು ಹಿಡಿದರೆ ಇನ್ನೊಂದು ಬೊಗಸೆ ಸುಣ್ಣ. ಪಾತ್ರೆ ವಿಷಯದಲ್ಲಿ ಅಷ್ಟು ಜಾಗ್ರತೆ ಇದ್ದ ಮನುಷ್ಯ ಜೀಪಿನ ತಗಡೂ ಕಬ್ಬಿಣವೇ ಅಂತ ಲೆಕ್ಕಕ್ಕೆ ಹಿಡಿಯಲಿಲ್ಲ ಅಂತ ಕಾಣ್ತದೆ. ಇಪ್ಪತ್ತೇಳು ಮಳೆಗಾಲ ನಮ್ಮದೂ ಪಕ್ಕದ ಮನೆಗಳದ್ದೂ ಡ್ರಮ್ಮುಗಳು ಆ ತಗಡಿನ ಮೇಲೆ ಕುಲುಕಿ ಚೆಲ್ಲಿಕೊಂಡೇ ತೋಟಕ್ಕೆ ಹೋಗಿವೆ. ತೋಟದ ಕಾಯಿ ಉಳಿಸಿದ ಔಷಧವೇ ಜೀಪನ್ನ ತಿಂದಿದ್ದು.

ಅದನ್ನೂ ಸೇರಿಸಿ ಎಲ್ಲ ಬರೆದೆ. ತೂತಿನ ಫೋಟೋ ಬೆಕ್ಕಿನ ಸಮೇತ ಹಾಕಿದೆ. ಎಂಜಿನ್ ಜಾಮ್ ಆಗಿಲ್ಲ, ಕೈಯಲ್ಲಿ ತಿರುಗ್ತದೆ, ಆದರೆ ಸ್ಟಾರ್ಟ್ ಮಾಡಿಲ್ಲ. ಬ್ರೇಕ್ ಇಲ್ಲ. ವಯರಿಂಗ್ ಇಲಿ ತಿಂದಿದೆ. ಮುಂದಿನ ಡಿಫರೆನ್ಶಿಯಲ್ಲು, ಜಾಯಿಂಟ್ ಶಾಫ್ಟು ಇದಾವೆ. ಈ ಕೊನೇ ಮಾತು ಮುಖ್ಯ. ಎಷ್ಟೋ ಜೀಪಲ್ಲಿ ಅವನ್ನ ಬಿಚ್ಚಿ ಮಾರಿಕೊಂಡು ಬರೀ ಲಿವರ್ ಉಳಿಸಿರ್ತಾರೆ. ಬೆಲೆ 1,60,000, ಇದ್ದದ್ದು ಇದ್ದ ಹಾಗೆ.

ಫೋನುಗಳು ಶುರುವಾದವು. “ಲಾಸ್ಟ್ ಎಷ್ಟು ಸಾರ್?” ಅನ್ನೋರು ಮೊದಲ ಮೂವತ್ತು ಜನ. ಬುಲೆಟ್ಟಿಗೆ ಬದಲಿ ಕೊಡ್ತೀರಾ ಅಂದವನೊಬ್ಬ. ರೆಸಾರ್ಟಿನ ಗೇಟಿಗೆ ನಿಲ್ಲಿಸಿ ಹೂವಿನ ಗಿಡ ನೆಡ್ತೀವಿ ಅಂದವರೊಬ್ಬರು. “ವಿಂಟೇಜ್ ಮಾಡ್ಸಿದ್ರೆ ಕೋಟಿ ಸಾರ್” ಅಂದವನಿಗೆ, ವಿಂಟೇಜ್ ಅಂತ ನೋಂದಾಯಿಸೋಕೆ 2021ರ ನಿಯಮದ ಪ್ರಕಾರ ಗಾಡಿಗೆ ಐವತ್ತು ವರ್ಷ ಆಗಿರಬೇಕು, ಆಮೇಲೂ ದಿನಬಳಕೆಗೆ ರಸ್ತೆಗಿಳಿಸೋ ಹಾಗಿಲ್ಲ ಅಂತ ಹೇಳಿದೆ. ಗುಜರಿಯವರು ಮನೆಗೇ ಬಂದು, ಸುತ್ತ ನೋಡಿ, ಎಂಜಿನ್ ಸೇರಿಸಿ 35,000 ಅಂದರು. ಅವರ ಮಟ್ಟಿಗೆ ಅದು ಸರಿಯಾದ ಬೆಲೆಯೇ, ತೂಕಕ್ಕೆ ಕೊಡೋರು ಅವರು.

ಇಷ್ಟರ ನಡುವೆ ಕಾಗದದ ಕೆಲಸ. ಆರ್‌ಸಿ ಅಪ್ಪಯ್ಯನ ಹೆಸರಲ್ಲಿತ್ತು. ಸತ್ತವರ ಗಾಡಿಯನ್ನ ನೇರ ಮಾರೋಕೆ ಬರೋದಿಲ್ಲ, ಮೊದಲು ಫಾರಂ 31 ಹಾಕಿ ವಾರಸುದಾರರ ಹೆಸರಿಗೆ ಮಾಡಿಸಬೇಕು, ಅವರು ಫಾರಂ 29, 30ಕ್ಕೆ ಸಹಿ ಹಾಕಿ ಮಾರಬೇಕು. ಗಡುವು ಬೇರೆ ಇತ್ತು. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್ಲು. ಅಪ್ಪಯ್ಯ 2021ರಲ್ಲಿ 600 ರೂಪಾಯಿ ಕಟ್ಟಿ ಮಾಡಿಸಿದ್ದು 2026ಕ್ಕೆ ಮುಗೀತದೆ. 2022ರ ಏಪ್ರಿಲ್ಲಿಂದ ಅದೇ ಫೀಸು 5,000 ಆಯ್ತು, ಈಗ ಇಪ್ಪತ್ತು ವರ್ಷ ದಾಟಿದ ಗಾಡಿಗೆ 10,000. ಫೀಸು ಹೋಗ್ಲಿ, ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಂತು ಬ್ರೇಕ್ ಹಿಡಿದು ತೋರಿಸಬೇಕಲ್ಲ. ಅಷ್ಟರೊಳಗೆ ಸರಿ ಮಾಡೋ ತಾಕತ್ತಿದ್ದವನ ಕೈಗೆ ಹೋಗದಿದ್ದರೆ ಗುಜರಿಯವರ ಬೆಲೆಯೇ ಬೆಲೆ.

ಅಕ್ಕ, ನಾನು ನಮ್ಮ ತಕರಾರಿಲ್ಲ ಅಂತ ಬರೆದುಕೊಟ್ಟು ಅಮ್ಮನ ಹೆಸರಿಗೆ ಮಾಡಿಸಿದ್ವಿ. ಕಾರ್ಡು ಬಂದ ದಿನ ಅಮ್ಮ ಕನ್ನಡಕ ಹಾಕಿಕೊಂಡು ಎರಡೂ ಬದಿ ಓದಿದಳು. ಇಪ್ಪತ್ತೇಳು ವರ್ಷ ಆ ಜೀಪಿನ ಎಡಗಡೆ ಸೀಟಲ್ಲಿ, ಮಳೆಗೆ ಟಾರ್ಪಾಲು ಹಿಡಿದುಕೊಂಡು ಕೂತ ಹೆಂಗಸು. ತೋಟದ ಪಹಣಿ ಅಪ್ಪಯ್ಯನದ್ದು, ಗ್ಯಾಸ್ ಕನೆಕ್ಷನ್ನು ಅಪ್ಪಯ್ಯನದ್ದು. ಸರ್ಕಾರದ ಲೆಕ್ಕದಲ್ಲಿ ಅವಳ ಹೆಸರಿಗೆ ಅಂತ ಬಂದ ಮೊದಲ ಆಸ್ತಿ ಕೋಳಿ ಮೊಟ್ಟೆ ಇಡೋ ಜೀಪು. “ಮಾಲೀಕಳು ನಾನಾ ಈಗ?” ಅಂದಳು. ಹೌದು ಅಂದೆ. ಕಾರ್ಡನ್ನ ದೇವರ ಗೂಡಲ್ಲಿ ಇಟ್ಟಳು.

ಆಗಲೇ ಬಂತು ದೊಡ್ಡ ಆಫರ್ರು. ಫೋನಿನ ಆ ಕಡೆಯವರು ತುಂಬ ಮರ್ಯಾದಸ್ಥರ ಹಾಗೆ ಮಾತಾಡಿದರು. 2,75,000 ಕೊಡ್ತೀವಿ, ಗಾಡಿ ಬೇಡ. ಆರ್‌ಸಿ ಬೇಕು, ಚಾಸಿಸ್ ಮೇಲೆ ನಂಬರ್ ಹೊಡೆದಿರೋ ತುಂಡನ್ನ ಕೊಯ್ದು ಕೊಡಿ, ಉಳಿದದ್ದು ನೀವೇ ಗುಜರಿಗೆ ಹಾಕ್ಕೊಳಿ. ಅಂದ್ರೆ ಅವರ ಹತ್ರ ಇನ್ನೊಂದು ಜೀಪಿದೆ, ಹರಾಜಿಂದೋ, ಎಲ್ಲಿಂದೋ, ಕಾಗದ ಇಲ್ಲದ್ದು. ಅದಕ್ಕೆ ನಮ್ಮ ನಂಬರ್ ಬೆಸುಗೆ ಹಾಕಿ ನಮ್ಮ ಹೆಸರಲ್ಲಿ ಓಡಿಸ್ತಾರೆ. ಇದು ಅಪರಾಧ ಅಂತ ನನಗೆ ಗೊತ್ತು. ಆದರೂ ಗುಜರಿ ಸೇರಿಸಿದರೆ ಮೂರು ಲಕ್ಷದ ಹತ್ತಿರ, ಸುಲಿಯೋ ಮಷಿನ್ನಿನ ಸಾಲ ಪೂರ್ತಿ ತೀರ್ತದೆ. ಆಗಲ್ಲ ಅಂತ ನಾನೇ ಹೇಳಿ ಮುಗಿಸಬಹುದಿತ್ತು. ಮಾಲೀಕಳು ಅವಳು, ಅವಳೇ ಹೇಳಲಿ ಅಂತ ಅಮ್ಮನ ಮುಂದೆ ಇದ್ದದ್ದು ಇದ್ದ ಹಾಗೆ ಇಟ್ಟೆ.

ಅಮ್ಮ ವೀಳ್ಯದೆಲೆಗೆ ಸುಣ್ಣ ಹಚ್ಚೋದು ನಿಲ್ಲಿಸಲಿಲ್ಲ. “ನಂಬರ್ ಕೊಯ್ಕೊಂಡು ಹೋದ ಮೇಲೆ ಇಲ್ಲಿ ನಿಂತಿದ್ದು ಯಾರ ಜೀಪು?”

“ಯಾರದ್ದೂ ಅಲ್ಲ.”

“ಅಲ್ಲಿ ಓಡೋದು?”

“ಕಾಗದದಲ್ಲಿ ನಮ್ಮದೇ.”

“ನನ್ನ ಹೆಸ್ರಿಗಾಗಿ ಹದಿನೈದು ದಿನ ಆಗ್ಲಿಲ್ಲ, ಆಗ್ಲೇ ಕಳ್ಳ ಮಾಲಿಗೆ ಹೆಸರು ಕೊಡು ಅಂತಾರಾ ಅವ್ರು? ಬೇಡ ಅನ್ನು.”

ಅಷ್ಟೇ. ಒಂದೂಕಾಲು ಲಕ್ಷದ ಮೇಲಿನ ವ್ಯತ್ಯಾಸ ಎಲೆ ಮಡಚುವಷ್ಟರಲ್ಲಿ ತೀರ್ಮಾನ ಆಯ್ತು. ಆಫೀಸಲ್ಲಿ ಇದಕ್ಕಿಂತ ಚಿಕ್ಕ ವಿಷಯಕ್ಕೆ ನಾವು ಮೂರು ಮೀಟಿಂಗ್ ಮಾಡ್ತೀವಿ.

ತಗೊಂಡಿದ್ದು ಕೊಪ್ಪದ ಕಡೆಯ ಒಬ್ಬ ಹುಡುಗ. ವೆಲ್ಡಿಂಗ್ ಶಾಪ್ ಇಟ್ಟಿದ್ದಾನೆ. ಅವನಪ್ಪನನ್ನೂ ಕರ್ಕೊಂಡು, ಕೈಯಲ್ಲಿ ಸುತ್ತಿಗೆ, ಸ್ಕ್ರೂ ಡ್ರೈವರ್ ಹಿಡ್ಕೊಂಡು ಬಂದ. ನಮಸ್ಕಾರ ಅಂದವನೇ ಜೀಪಿನ ಕೆಳಗೆ ಹೋದ. ಮುಕ್ಕಾಲು ಗಂಟೆ ಬರೀ ಠಣ್ ಠಣ್ ಬೊದ್. ಹೊರಗೆ ಬಂದವನು, ಹಿಂದಿನ ಎಡಗಡೆ ಬ್ಲೇಡು ಚಾಸಿಸ್ಸಿಗೆ ಕೂರೋ ಕಡೆ ಪೂರ್ತಿ ಹೋಗಿದೆ, ನಿಮ್ಮ ಪಟ್ಟಿಯಲ್ಲಿ ಅದಿಲ್ಲ ಅಂದ. ಹೋಗಿ ನೋಡಿದೆ, ಹೌದು. ಅದನ್ನ ಬೆಲೆ ಇಳಿಸೋ ನಾಟಕಕ್ಕೆ ಬಳಸಲಿಲ್ಲ ಅವನು. ಆ ತುಂಡು ಹೊಸದಾಗಿ ಮಾಡಬೇಕು, ಇಷ್ಟು ಕಬ್ಬಿಣ, ಇಷ್ಟು ದಿನ ಅಂತ ಲೆಕ್ಕ ಹೇಳಿ 1,45,000 ಅಂದ. ಅಗಲ ಟಯರು, ಗುಬುಟು ಬಂಪರು ಹಾಕಿಸ್ತೀಯೇನೋ ಅಂತ ಕೇಳಿದೆ. “ಇಲ್ಲಣ್ಣ, ಆರ್‌ಸಿಯಲ್ಲಿ ಹೆಂಗಿದೆಯೋ ಹಂಗೇ. ಬದಲಾಯಿಸಿದ್ರೆ ಫಿಟ್‌ನೆಸ್ಸಲ್ಲಿ ವಾಪಸ್ ಕಳಿಸ್ತಾರೆ.” ಹಿಂದಿನ ತಗಡಿಗೆ ಏನು ಮಾಡ್ತೀಯ ಅಂದ್ರೆ, ಪಂಜಾಬ್ ಕಡೆಯಿಂದ ರೆಡಿ ಬಾಡಿ ಬರ್ತದೆ, ಆದರೆ ಮುಂದಿನದ್ದು ಇಷ್ಟು ಚೆನ್ನಾಗಿರುವಾಗ ಇಡೀ ಬಾಡಿ ಯಾಕೆ ಎಸೀಬೇಕು, ಹಿಂದಿನದ್ದಷ್ಟೇ ಮಡಚ್ತೀನಿ ಅಂದ. ಅವನಪ್ಪ ಅಷ್ಟು ಹೊತ್ತೂ ಮಾತಾಡದೆ ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

ಸಾಫ್ಟ್‌ವೇರಿನಲ್ಲಿ ಹಳೇ ಪ್ರಾಜೆಕ್ಟನ್ನ ಇನ್ನೊಂದು ಟೀಮಿಗೆ ಒಪ್ಪಿಸುವಾಗ ಕೆಟಿ ಅಂತ ಮಾಡ್ತೀವಿ, ಗೊತ್ತಿರೋದನ್ನೆಲ್ಲ ಹೇಳಿಕೊಡೋದು. ಇಲ್ಲಿ ಕೆಟಿ ಕೊಡಬೇಕಾದವನು ಇರಲಿಲ್ಲ. ಇದ್ದದ್ದು ಕ್ಯಾಲೆಂಡರ್. ಅಪ್ಪಯ್ಯ ಆಯಿಲ್ ಬದಲಿಸಿದ್ದು, ಬ್ಲೇಡ್ ಕಟ್ಟಾಗಿದ್ದು, ಶಿವಮೊಗ್ಗದಲ್ಲಿ ಪಂಪ್ ಬಿಚ್ಚಿಸಿದ್ದು, ಎಲ್ಲ ಆಯಾ ತಿಂಗಳ ಹಾಳೆಯ ಹಿಂದೆ ಬರೆದಿಡ್ತಿದ್ದ. ಇಪ್ಪತ್ತು ಚಿಲ್ಲರೆ ವರ್ಷದ ಕ್ಯಾಲೆಂಡರು ಅಮ್ಮ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಳು. ಹುಡುಗ ಒಂದೊಂದೇ ಹಾಳೆ ತಿರುವಿ ಮೊಬೈಲಲ್ಲಿ ಫೋಟೋ ತಗೊಂಡ. ಅಮ್ಮ ಅಪ್ಪ ಮಗನಿಗೆ ಅವಲಕ್ಕಿ ಹಾಕಿ, ಎರಡೂ ಫಾರಂಗೆ ನಿಧಾನವಾಗಿ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಪಿಕಪ್ಪಿಗೆ ಹಗ್ಗ ಬಿಗಿದು ಜೀಪನ್ನ ಹೊರಗೆಳೆದಾಗ ಅದರಡಿಯಿಂದ ನಾಲ್ಕು ಮೊಟ್ಟೆ, ನನ್ನ ಹೈಸ್ಕೂಲಿನ ಒಂದು ಜಾಮಿಟ್ರಿ ಡಬ್ಬಿ ಸಿಕ್ಕಿದವು. ಅಕ್ಕ ವಿಡಿಯೋ ಕಾಲಲ್ಲಿ ನೋಡ್ತಿದ್ದಳು, ನೆಟ್‌ವರ್ಕ್ ಹೋಯ್ತು.

ಮೂರು ವಾರ ಬಿಟ್ಟು ಹುಡುಗ ಫೋನ್ ಮಾಡಿದ್ದಾನೆ, ನನಗಲ್ಲ, ಅಮ್ಮನಿಗೆ. ಎಂಜಿನ್ ಸ್ಟಾರ್ಟ್ ಆಯ್ತಂತೆ, ಪ್ಯೂಜೊ ಅಲ್ವಾ, ಹೀಟರ್ ಕೊಟ್ಟು ಸ್ವಲ್ಪ ಕಾದು ಹೊಡೆದರೆ ಎದ್ದಿತು ಅಂತ. ಆದರೆ ಡ್ಯಾಶ್‌ಬೋರ್ಡಿನ ಕೆಳಗೆ ಎಡಗಡೆ ಒಂದು ಕರೀ ಸ್ವಿಚ್ಚಿದೆ, ಎಲ್ಲಿಗೂ ಹೋಗಲ್ಲ, ಕ್ಯಾಲೆಂಡರಲ್ಲೂ ಇಲ್ಲ, ಕಿತ್ತು ಬಿಸಾಡ್ಲಾ ಅಂತ ಕೇಳಿದನಂತೆ.

“ಬಿಸಾಡಬೇಡ ಮಾರಾಯ” ಅಂದಿದ್ದಾಳೆ ಅಮ್ಮ. “ಅದು ಒಳಗಿನ ಲೈಟಿಂದು. ರಾತ್ರಿ ಆಸ್ಪತ್ರೆಗೆ ಹೋಗುವಾಗ ಹಿಂದೆ ಮಲಗಿದವರ ಮುಖ ಕಾಣಬೇಕಲ್ಲ, ಅದಕ್ಕೆ ಅಂತ ಹಾಕ್ಸಿದ್ದು. ನಾನೇ ಹಾಕ್ತಿದ್ದೆ ಅದನ್ನ. ವಯರು ಇಲಿ ತಿಂದಿರಬೇಕು ನೋಡು, ಕಟ್ಟು.”