ಒಂಬತ್ತು ಬಾಟ್ಲಿ, ಒಂದು ಟ್ಯೂಬು

ಹೋದ ವರ್ಷದ ತನಕ ನನ್ನ ಬಾತ್‌ರೂಮಿನ ಕನ್ನಡಿ ಕೆಳಗೆ ಒಂಬತ್ತು ಬಾಟ್ಲಿ ಇದ್ದವು. ಫೇಸ್‌ವಾಶ್, ಟೋನರ್, ವಿಟಮಿನ್ ಸಿ, ನಿಯಾಸಿನಮೈಡ್, ಎರಡು ಥರದ ಆಸಿಡ್ಡು, ರೆಟಿನಾಲ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಯಾವ ದಿನ ಯಾವುದು ಅಂತ ಮರೆತುಹೋಗತ್ತೆ ಅಂತ ಒಂದು ಎಕ್ಸೆಲ್ ಶೀಟು ಬೇರೆ. ನಗಬೇಡಿ, ಅದರಲ್ಲಿ ಬಣ್ಣಬಣ್ಣದ ಕಾಲಂ ಇತ್ತು.

ಶುರುವಾಗಿದ್ದು ವರ್ಕ್ ಫ್ರಮ್ ಹೋಮ್ ಕಾಲದಲ್ಲಿ. ದಿನಕ್ಕೆ ಐದಾರು ಗಂಟೆ ಮೀಟಿಂಗು, ಪರದೆಯ ಮೂಲೆಯಲ್ಲಿ ನನ್ನದೇ ಮುಖ. ಅಷ್ಟು ಹೊತ್ತು ಯಾರ ಮುಖವನ್ನಾದರೂ ನೋಡ್ತಾ ಕೂತರೆ ದೋಷ ಕಾಣದೇ ಇರತ್ತಾ? ಜೊತೆಗೆ ಹಳೇದೊಂದು ಲೆಕ್ಕ ಇತ್ತು. ನನ್ನನ್ನ ನೋಡೋಕೆ ಬಂದಿದ್ದ ಗಂಡಿನ ಕಡೆಯವರೊಬ್ಬರು, 'ಹುಡುಗಿ ಲಕ್ಷಣವಾಗಿದಾಳೆ, ಬಣ್ಣ ಒಂಚೂರು...' ಅಂತ ಅರ್ಧಕ್ಕೆ ನಿಲ್ಲಿಸಿದ್ರು. ಆ ಸಂಬಂಧ ಆಗಲಿಲ್ಲ, ಒಳ್ಳೇದೇ ಆಯ್ತು. ಆದ್ರೆ ಆ 'ಒಂಚೂರು' ಮಾತ್ರ ಹತ್ತು ವರ್ಷ ನನ್ನ ಜೊತೆಗೇ ಬಾಡಿಗೆ ಮನೆ ಬದಲಾಯಿಸ್ತಾ ಬಂತು.

ಊರಲ್ಲಿ, ತೀರ್ಥಹಳ್ಳಿ ಕಡೆ, ನಮಗೆಲ್ಲ ಇದ್ದಿದ್ದು ಬಚ್ಚಲ ಹಂಡೆಯ ಬಿಸಿನೀರು, ಮನೆಮಂದಿಗೆಲ್ಲ ಒಂದೇ ಸೋಪು, ಹಬ್ಬಕ್ಕೆ ಎಣ್ಣೆ ಕಡ್ಲೆಹಿಟ್ಟು. 'ಆಗ ಎಷ್ಟು ಚೆನ್ನಾಗಿತ್ತು' ಅಂತೆಲ್ಲ ಬರೆಯಲ್ಲ. ಚಳಿಗಾಲದಲ್ಲಿ ಕೆನ್ನೆ ಒಡೆದು ಉರೀತಿತ್ತು. ಸೋಪಿನ ಪಿಎಚ್ ಒಂಬತ್ತು ಹತ್ತರ ಹತ್ತಿರ, ಚರ್ಮದ್ದು ಐದರ ಆಸುಪಾಸು. ಒಡೆಯದೇ ಇನ್ನೇನು ಮಾಡತ್ತೆ?

ಈ ಒಂಬತ್ತು ಬಾಟ್ಲಿಗಿಂತ ಮೊದಲು ಒಂದು ಟ್ಯೂಬು ಇತ್ತು. ನನಗೆ ಕೆನ್ನೆ ಮೇಲೆ ಸಣ್ಣಗೆ ಬಂಗು ಕಾಣಿಸಿದಾಗ ಮೆಡಿಕಲ್ ಶಾಪಿನವನು 'ಎಲ್ರೂ ಇದೇ ತಗೊಳ್ಳೋದು ಮೇಡಂ' ಅಂತ ಕೊಟ್ಟಿದ್ದು. ಹತ್ತೇ ದಿನಕ್ಕೆ ಮುಖ ಗಾಜಿನ ಹಾಗೆ. ನಾನು ಒಂದು ತಿಂಗಳು ಹಚ್ಚಿ ಸೀರಮ್ಮುಗಳ ಹಿಂದೆ ಹೋದೆ. ಉಳಿದಿದ್ದನ್ನ ಊರಿಗೆ ಹೋದಾಗ ಅಮ್ಮನಿಗೆ ಕೊಟ್ಟೆ. ತಮ್ಮ ಹುಟ್ಟಿದಾಗಿನಿಂದ ಅವಳಿಗೆ ಎರಡೂ ಕೆನ್ನೆ ಮೇಲೆ ಬಂಗು. 'ಎಂತದೇ ಇದು?' ಅಂದ್ಲು. 'ರಾತ್ರಿ ಹಚ್ಕೋ ಅಮ್ಮಾ, ಹೋಗತ್ತೆ' ಅಂದೆ. ಹೋಯ್ತು ಕೂಡ. ಅದು ಖಾಲಿಯಾದ ಮೇಲೆ ತಮ್ಮ ಖಾಲಿ ಟ್ಯೂಬು ತೋರಿಸಿ ಪೇಟೆಯಿಂದ ಇನ್ನೊಂದು ತಂದುಕೊಟ್ಟ. ಆಮೇಲೆ ಇನ್ನೊಂದು. ಹೀಗೆ ಮೂರು ವರ್ಷ. ನನಗೆ ಗೊತ್ತೇ ಇರಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಗೃಹಪ್ರವೇಶಕ್ಕೆ ಅಂತ ಅಮ್ಮ ಬೆಂಗಳೂರಿಗೆ ಬಂದ್ಲು. ಟ್ಯೂಬ್‌ಲೈಟ್ ಬೆಳಕಲ್ಲಿ ನೋಡ್ತೀನಿ, ಕೆನ್ನೆಯೆಲ್ಲ ಕೆಂಪು. ಚರ್ಮದ ಕೆಳಗೆ ದಾರದ ಎಳೆ ಥರ ಸಣ್ಣ ಸಣ್ಣ ರಕ್ತನಾಳ. ಎಂದೂ ಇರದಿದ್ದ ಕೂದಲು. 'ಬಿಸಿಲಿಗೆ ಹೋದ್ರೆ ಉರೀತದೆ ಕಣೇ. ನೀ ಕೊಟ್ಟಿದ್ದು ಹಚ್ಚಿದ್ರೆ ತಣ್ಣಗಾಗ್ತದೆ, ಒಂದಿನ ಬಿಟ್ರೆ ಮತ್ತೆ ಉರಿ' ಅಂದ್ಲು. ದಿನಾ ಅಡಿಕೆ ಅಂಗಳದಲ್ಲಿ ನಿಲ್ಲೋಳು ಅವಳು.

ಇಬ್ಬರೂ ಚರ್ಮದ ಡಾಕ್ಟರ ಹತ್ತಿರ ಹೋದ್ವಿ. ನಾನು ನನ್ನ ಎಕ್ಸೆಲ್ ಶೀಟು ತೋರಿಸಿದೆ. ಅವರು ಒಂದು ಸಲ ಮೇಲಿಂದ ಕೆಳಗೆ ಸ್ಕ್ರೋಲ್ ಮಾಡಿ ಫೋನು ವಾಪಸ್ ಕೊಟ್ಟರು. ಟ್ಯೂಬನ್ನ ಮಾತ್ರ ತುಂಬಾ ಹೊತ್ತು ನೋಡಿದರು. ಅದರಲ್ಲಿ ಇದ್ದಿದ್ದು ಮೂರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಅನ್ನೋ ಸ್ಟೀರಾಯ್ಡು. ಬಂಗಿಗೆ ಇಂಥದ್ದನ್ನ ಡಾಕ್ಟರೇ ಕೊಡ್ತಾರೆ, ಆದ್ರೆ ಕೆಲವೇ ವಾರ, ಕಣ್ಣಿಟ್ಟು. ವರ್ಷಗಟ್ಟಲೆ ಹಚ್ಚಿದ್ರೆ ಸ್ಟೀರಾಯ್ಡು ಚರ್ಮವನ್ನ ತೆಳ್ಳಗೆ ಮಾಡತ್ತೆ, ಬಿಟ್ಟ ತಕ್ಷಣ ಉರಿ ಎದ್ದು ಮತ್ತೆ ತನ್ನನ್ನೇ ಕೇಳತ್ತೆ. ಸ್ಟೀರಾಯ್ಡ್ ಇರುವ ಎಷ್ಟೋ ಕ್ರೀಮುಗಳನ್ನ ಚೀಟಿ ಇಲ್ಲದೆ ಮಾರೋ ಹಾಗಿಲ್ಲ ಅಂತ 2018ರಲ್ಲೇ ಸರ್ಕಾರ ಷೆಡ್ಯೂಲ್ ಎಚ್‌ಗೆ ಸೇರಿಸಿದೆ. ಕೌಂಟರಿನಲ್ಲಿ ಆ ಷೆಡ್ಯೂಲು ಯಾರಿಗೂ ನೆನಪಿರಲ್ಲ, ಬಿಡಿ.

'ಇದನ್ನ ಯಾರಮ್ಮ ಕೊಟ್ಟಿದ್ದು?' ಅಂತ ಡಾಕ್ಟರು ಕೇಳಿದ್ರು.

'ಅಂಗಡಿಯವ್ರು' ಅಂದ್ಲು ಅಮ್ಮ. ನನ್ನ ಕಡೆ ತಿರುಗಲಿಲ್ಲ.

'ನಾನೇ ಕೊಟ್ಟಿದ್ದು ಮೇಡಂ' ಅಂತ ಹೇಳೋಕೆ ನನಗೆ ಸುಮಾರು ಹೊತ್ತು ಬೇಕಾಯ್ತು.

ಅಮ್ಮನಿಗೆ ಕ್ರೀಮನ್ನ ಒಂದೇ ಸಲಕ್ಕೆ ಬಿಡಿಸಲಿಲ್ಲ, ಕಮ್ಮಿ ಮಾಡ್ತಾ ಹೋಗೋಕೆ ಒಂದು ಪಟ್ಟಿ ಬರೆದುಕೊಟ್ಟರು. ಇಬ್ಬರಿಗೂ ಉಳಿದಿದ್ದು ಒಂದೇ ಚೀಟಿ: ಸೋಪಿಲ್ಲದ ಸಾದಾ ಕ್ಲೆನ್ಸರ್, ವಾಸನೆ ಇಲ್ಲದ ಮಾಯಿಶ್ಚರೈಸರ್, ಬೆಳಿಗ್ಗೆ ಸನ್‌ಸ್ಕ್ರೀನ್. 'ಇಷ್ಟೇನಾ?' ಅಂದೆ. ಪ್ರಾಡಕ್ಟ್ ಮ್ಯಾನೇಜರ್ ಫೀಚರ್ ಕಿತ್ತುಹಾಕಿದಾಗ ಆಗುತ್ತಲ್ಲ, ಅಂಥದೇ ಸಂಕಟ. ನನ್ನ ಮುಖವೂ ನೀರು ಬಿದ್ದರೆ ಚುರುಗುಟ್ಟೋ ಹಂತಕ್ಕೆ ಬಂದಿತ್ತು, ಆಸಿಡ್ಡಿಂದಲೋ ರೆಟಿನಾಲಿಂದಲೋ ಹೇಳೋಕಾಗ್ತಿರಲಿಲ್ಲ. ಒಂದೇ ಕಮಿಟ್‌ನಲ್ಲಿ ಏಳು ಬದಲಾವಣೆ ತುರುಕಿದ ಹುಡುಗನಿಗೆ ಆಫೀಸಲ್ಲಿ ಬೈದವಳು ನಾನೇ. ಈಗ ನಿಯಮ ಇಷ್ಟು: ಮೂರರ ಮೇಲೆ ಏನಾದರೂ ಸೇರಿಸಬೇಕಂದ್ರೆ ಒಂದೇ ಒಂದು, ಅದೂ ಒಂದೂವರೆ ತಿಂಗಳು ನೋಡಿ. ಇವತ್ತಿನವರೆಗೆ ಏನೂ ಸೇರಿಸಿಲ್ಲ.

ಇರೋ ಮೂರರಲ್ಲೂ ನಾನು ಸರಿಯಾಗಿ ಮಾಡದೇ ಇದ್ದಿದ್ದು ಸನ್‌ಸ್ಕ್ರೀನೇ. ಎಸ್‌ಪಿಎಫ್ 30 ಸುಡುವ ಕಿರಣದ 97 ಪರ್ಸೆಂಟ್ ತಡೆಯತ್ತೆ, 50 ಅಂದ್ರೆ 98. ಈ ಒಂದು ಪರ್ಸೆಂಟಿಗೆ ತಲೆಕೆಡಿಸ್ಕೊಂಡು ರಿವ್ಯೂ ಓದ್ತಿದ್ದೆ, ಹಚ್ಚೋದು ಮಾತ್ರ ಬಟಾಣಿ ಕಾಳಿನಷ್ಟು. ಮುಖ ಕತ್ತಿಗೆ ಎರಡು ಬೆರಳುದ್ದ ಬೇಕು, ಹೊರಗಿದ್ರೆ ಎರಡು ಮೂರು ಗಂಟೆಗೆ ಮತ್ತೆ. ಅಮ್ಮನಿಗೆ ಮೊದಲು ತಂದಿದ್ದು ಬೆಳ್ಳಗೆ ಕೂತು 'ವಿಭೂತಿ ಬಳ್ಕೊಂಡ ಹಾಗಿದೆ' ಅನ್ನಿಸ್ಕೊಳ್ತು. ಆಮೇಲೆ ಚರ್ಮದ ಬಣ್ಣ ಬೆರೆತ, ಐರನ್ ಆಕ್ಸೈಡ್ ಇರೋದು ತಂದೆ. ಬಂಗನ್ನ ಕಣ್ಣಿಗೆ ಕಾಣೋ ಬೆಳಕೂ ಹೆಚ್ಚಿಸತ್ತಂತೆ, ಅದನ್ನ ತಡೆಯೋದು ಇಂಥದ್ದೇ. ಅಂಗಳಕ್ಕೆ ಹೋಗುವಾಗ ಹಾಳೆ ಟೊಪ್ಪಿ ಸಾಕು ಅಂತಿದ್ಲು. ಅದರ ನೆರಳು ಕೆನ್ನೆಗೆ ಬೀಳಲ್ಲ. ಈಗ ತಮ್ಮನ ಹಳೇ ಕ್ರಿಕೆಟ್ ಟೊಪ್ಪಿ ಹಾಕ್ಕೊಂಡು ಅಂಪೈರ್ ಥರ ನಿಂತು ಅಡಿಕೆ ಹರವ್ತಾಳೆ.

ಎಂಟು ತಿಂಗಳಾಯ್ತು. ಉರಿ ಇಲ್ಲ. ಕೆಂಪು ಇಳಿದಿದೆ, ಆ ದಾರದ ಎಳೆಗಳು ಹಾಗೇ ಇವೆ. ಬಂಗು ವಾಪಸ್ ಬಂದಿದೆ.

ದೀಪಾವಳಿಗೆ ಹೋದಾಗ ಪಕ್ಕದ ಮನೆ ಅತ್ತೆ ಬಂದು, 'ಎಂತ ಮಾರಾಯ್ತಿ, ಮತ್ತೆ ಬಂತಲ್ಲೇ ನಿಂಗೆ? ಆ ಕ್ರೀಮು ಬಿಟ್ಯಾ?' ಅಂದ್ರು. ಆಗ ಗೊತ್ತಾಗಿದ್ದು, ಅಮ್ಮನ ಮುಖ ನೋಡಿ ಕೇರಿಯಲ್ಲಿ ಇನ್ನೂ ಮೂರು ಮನೆಗೆ ಆ ಟ್ಯೂಬು ಹೋಗಿದೆ. ಅವತ್ತು ಸಂಜೆ ನಾನು ಅಮ್ಮ ಇಬ್ಬರೂ ಮೂರೂ ಮನೆಗೆ ಹೋದ್ವಿ. ಅಮ್ಮ ಟೊಪ್ಪಿ ತೆಗೆದು ದೀಪದ ಬೆಳಕಿಗೆ ಕೆನ್ನೆ ತೋರಿಸಿದ್ಲು. ಒಮ್ಮೆಲೇ ಬಿಡಬೇಡಿ, ಶಿವಮೊಗ್ಗಕ್ಕೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿ ಅಂತ ನಾನು ಹೇಳಿದೆ. ಇಬ್ಬರು ಹೋಗಿಬಂದಿದಾರೆ. ಮೂರನೇ ಮನೆಯಲ್ಲಿ ಹಚ್ತಿರೋದು ಇಪ್ಪತ್ತಮೂರು ವರ್ಷದ ಹುಡುಗಿ. ಅವಳ ತಾಯಿ ಕಾಫಿ ಕೊಡ್ತಾ, 'ನಾಡಿದ್ದು ಭಾನುವಾರ ನೋಡೋಕೆ ಬರ್ತಿದಾರೆ, ಅದೊಂದು ಮುಗೀಲಿ' ಅಂದ್ರು.